ಒಂದು ವ್ಯವಹಾರ, ಒಂದೇ ಬರಹ: ಸಣ್ಣ ವ್ಯಾಪಾರಿಯ ಕಾಲ ಎಲ್ಲಿ ಸೋರುತ್ತಿದೆ?

ಪ್ರತಿ ತಿಂಗಳ 10ನೆಯ ಮತ್ತು 19ನೆಯ ತಾರೀಖಿನ ರಾತ್ರಿ ಹುಬ್ಬಳ್ಳಿಯ ದುರ್ಗದಬೈಲು, ದಾಜಿಬಾನ ಪೇಟೆ, ಧಾರವಾಡದ ಸುಭಾಸ ರಸ್ತೆಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿ ಕಾಣಸಿಗುತ್ತದೆ. ಗಿರಾಕಿಗಳು ಹೋಗಿ ಬಹಳ ಹೊತ್ತಾಗಿರುತ್ತದೆ, ಶಟರು ಅರ್ಧ ಇಳಿದಿರುತ್ತದೆ, ಒಳಗೆ ಮಾತ್ರ ದೀಪ ಉರಿಯುತ್ತಿರುತ್ತದೆ. ಮಾಲೀಕರು ಬಿಲ್ಲಿನ ಕಟ್ಟುಗಳನ್ನು ಬಿಚ್ಚಿ ಕುಳಿತಿರುತ್ತಾರೆ. ಯಾವುದೋ ಖರೀದಿ ಬಿಲ್ಲು ಸಿಗುತ್ತಿಲ್ಲ, ಯಾವುದೋ ಗಿರಾಕಿಯ ಜಿಎಸ್‌ಟಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದೆ, ಬ್ಯಾಂಕಿನಲ್ಲಿ ಜಮೆಯಾದ ಮೊತ್ತ ಯಾರದೆಂಬುದು ನೆನಪಿಲ್ಲ. ಮರುದಿನ ಜಿಎಸ್‌ಟಿಆರ್-1 ಅಥವಾ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಈ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ.

ಈ ಶ್ರಮಕ್ಕೆ ಸರಕಾರದ ನಿಯಮಗಳೇ ಕಾರಣವೆಂಬುದು ವರ್ತಕ ವಲಯದಲ್ಲಿ ಪ್ರಚಲಿತವಿರುವ ಅಭಿಪ್ರಾಯ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಅದು ಪೂರ್ಣ ಸತ್ಯವಲ್ಲ. ಸಣ್ಣ ಅಂಗಡಿ ಅಥವಾ ಸಣ್ಣ ಕಾರಖಾನೆಯ ಕಾಗದದ ಕೆಲಸಕ್ಕೆ ತಗಲುವ ಕಾಲದ ದೊಡ್ಡ ಪಾಲು ನಿಯಮ ಕೇಳುವ ಬರಹಕ್ಕೆ ವ್ಯಯವಾಗುವುದಿಲ್ಲ. ಒಮ್ಮೆ ಬರೆದದ್ದನ್ನು ಮತ್ತೆ ಮತ್ತೆ ಬರೆಯುವುದಕ್ಕೆ ಮತ್ತು ಬರೆಯದೆ ಬಿಟ್ಟದ್ದನ್ನು ಹುಡುಕುವುದಕ್ಕೆ ಅದು ವ್ಯಯವಾಗುತ್ತದೆ. ನಿಯಮ ಬದಲಿಸುವುದು ವರ್ತಕನ ಕೈಯಲ್ಲಿಲ್ಲ. ಈ ಎರಡು ಸೋರಿಕೆಗಳನ್ನು ನಿಲ್ಲಿಸುವುದು ಮಾತ್ರ ಸಂಪೂರ್ಣವಾಗಿ ಅವನ ಕೈಯಲ್ಲಿದೆ.

ನಾಕೆಯಿಂದ ಮೇಜಿಗೆ

ಹಿರಿಯ ವರ್ತಕರಿಗೆ ಜಕಾತಿ ನಾಕೆಗಳ ನೆನಪು ಇನ್ನೂ ಇದೆ. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಗಿ ಪ್ರವೇಶ ತೆರಿಗೆ ಬಂದಿತು. 1957ರ ಮಾರಾಟ ತೆರಿಗೆ ಕಾಯ್ದೆಯ ಕಾಲದ ನೋಂದಣಿ ಪುಸ್ತಕಗಳು, ಹೊರ ರಾಜ್ಯದ ಖರೀದಿಗೆ ಬೇಕಾಗುತ್ತಿದ್ದ 'ಸಿ' ಫಾರ್ಮಿಗಾಗಿ ಕಚೇರಿಗೆ ಅಲೆದಾಟ, 2005ರ ಏಪ್ರಿಲ್ 1ರಂದು ಬಂದ ವ್ಯಾಟ್, ಆನಂತರದ ಇ-ಸುಗಮ, ಕೊನೆಗೆ 2017ರ ಜುಲೈ 1ರಂದು ಬಂದ ಜಿಎಸ್‌ಟಿ: ಇವೆಲ್ಲವೂ ಒಂದೇ ತಲೆಮಾರಿನ ಅನುಭವ. ಪ್ರತಿಯೊಂದು ಬದಲಾವಣೆಯೂ ಕಾಗದದ ಕೆಲಸವನ್ನು ಕಡಿಮೆ ಮಾಡುವ ಭರವಸೆಯೊಂದಿಗೇ ಬಂದಿತು.

ಭರವಸೆ ಪೂರ್ತಿ ಸುಳ್ಳಾಯಿತೆನ್ನಲಾಗದು. ಇಂದು ಲಾರಿ ರಾಜ್ಯದ ಗಡಿಯಲ್ಲಿ ತೆರಿಗೆ ತಪಾಸಣೆಗಾಗಿ ರಾತ್ರಿಯಿಡೀ ನಿಲ್ಲಬೇಕಾಗಿಲ್ಲ. ಜಿಎಸ್‌ಟಿಯೊಂದಿಗೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. ಆದರೆ ರಸ್ತೆಯಲ್ಲಿ ಲಾರಿ ಚಾಲಕ ಕಳೆಯುತ್ತಿದ್ದ ಕಾಲವು ಈಗ ಮೇಜಿನ ಮುಂದೆ ಕುಳಿತ ಮಾಲೀಕನ ಕಾಲವಾಗಿ ಪರಿವರ್ತನೆಗೊಂಡಿದೆ. ದೊಡ್ಡ ಸಂಸ್ಥೆಗೆ ಇದರಿಂದ ಲಾಭವಾಯಿತು, ಏಕೆಂದರೆ ಅಲ್ಲಿ ಮೇಜಿನ ಕೆಲಸಕ್ಕೆ ಪ್ರತ್ಯೇಕ ಸಿಬ್ಬಂದಿ ಇದ್ದಾರೆ. ಗೋಕುಲ ರಸ್ತೆಯಲ್ಲಿ ನಾಲ್ಕು ಲೇತ್ ಯಂತ್ರಗಳನ್ನಿಟ್ಟುಕೊಂಡು ಕೆಲಸ ಮಾಡುವ ಉದ್ದಿಮೆದಾರನಿಗೆ ಯಂತ್ರದ ಮುಂದೆ ನಿಲ್ಲುವವನೂ ಅವನೇ, ಮೇಜಿನ ಮುಂದೆ ಕೂಡುವವನೂ ಅವನೇ. ಆದುದರಿಂದ ಮೇಜಿನ ಮುಂದೆ ಕಳೆದ ಪ್ರತಿ ಗಂಟೆಯೂ ಅವನ ಉತ್ಪಾದನೆಯಿಂದ ಅಥವಾ ಅವನ ವಸೂಲಿಯಿಂದ ಕಳೆದದ್ದೇ ಆಗಿದೆ.

ಸೋರಿಕೆಯ ಲೆಕ್ಕ

ಒಂದು ಉದಾಹರಣೆಯನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಬಹುದು. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ದಿನಕ್ಕೆ 30 ಬಿಲ್ಲುಗಳಾಗುತ್ತವೆ. ಬಿಲ್ಲನ್ನು ಕೈಯಿಂದ ಬರೆಯಲಾಗುತ್ತದೆ. ಸಂಜೆ ಅದೇ ಬಿಲ್ಲು ಕಿರ್ದಿಗೆ ಏರುತ್ತದೆ. ತಿಂಗಳ ಕೊನೆಗೆ ಅದೇ ಕಟ್ಟು ತೆರಿಗೆ ಸಲಹೆಗಾರರ ಕಚೇರಿಗೆ ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ನಮೂದಾಗುತ್ತದೆ. ಒಂದೇ ವ್ಯವಹಾರಕ್ಕೆ ಮೂರು ಬರಹ. ಎರಡನೆಯ ಮತ್ತು ಮೂರನೆಯ ಬರಹಗಳಿಗೆ ತಲಾ ಒಂದು ನಿಮಿಷ ಎಂದು ಹಿಡಿದರೂ ದಿನಕ್ಕೆ 60 ನಿಮಿಷ. ತಿಂಗಳಿಗೆ 26 ದಿನ ವ್ಯಾಪಾರವೆಂದರೆ 26 ಗಂಟೆ, ವರ್ಷಕ್ಕೆ 312 ಗಂಟೆ. ಎಂಟು ಗಂಟೆಯ ಕೆಲಸದ ದಿನವೆಂದು ಭಾಗಿಸಿದರೆ ವರ್ಷದ 39 ದಿನಗಳು. ಇದರಲ್ಲಿ ಮೂರನೆಯ ಬರಹಕ್ಕೆ ಅವನು ಶುಲ್ಕವನ್ನೂ ಕೊಡುತ್ತಿದ್ದಾನೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಷ್ಟಕ್ಕೂ ಅನ್ವಯಿಸುವ ಮಾತು.

ಮರುಬರಹದಿಂದ ಇನ್ನೊಂದು ಅಪಾಯವಿದೆ. ಪ್ರತಿ ಮರುಬರಹವೂ ತಪ್ಪಿಗೆ ಒಂದು ಹೊಸ ಅವಕಾಶ. 15 ಅಕ್ಷರಾಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಮೂರು ಸಲ ಬರೆದಾಗ ಎಲ್ಲಿಯೋ ಒಂದು ಅಂಕಿ ಪಲ್ಲಟವಾದರೆ ಗಿರಾಕಿಗೆ ಇನ್‌ಪುಟ್ ತೆರಿಗೆಯ ಜಮೆ ಸಿಗುವುದಿಲ್ಲ. ಅವನು ಹಣ ತಡೆಹಿಡಿಯುತ್ತಾನೆ. ಆ ತಪ್ಪನ್ನು ಹುಡುಕಿ, ತಿದ್ದಿ, ಗಿರಾಕಿಯನ್ನು ಒಪ್ಪಿಸುವಷ್ಟರಲ್ಲಿ ನೂರು ಬಿಲ್ಲು ಬರೆಯುವ ಕಾಲ ಕಳೆದಿರುತ್ತದೆ. 2025ರ ಜುಲೈ ಅವಧಿಯಿಂದ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ಮಾರಾಟದ ತೆರಿಗೆಯು 3ಬಿಗೆ ತಾನಾಗಿಯೇ ಇಳಿಯುತ್ತದೆ ಮತ್ತು ಅಲ್ಲಿ ಅದನ್ನು ತಿದ್ದಲು ಬರುವುದಿಲ್ಲ. ತಪ್ಪಿದ್ದರೆ 3ಬಿಗಿಂತ ಮೊದಲು ಜಿಎಸ್‌ಟಿಆರ್-1ಎ ಮೂಲಕವೇ ಸರಿಪಡಿಸಬೇಕು. ಹೀಗಾಗಿ ಮೊದಲ ಬರಹವೇ ಶುದ್ಧವಾಗಿರಬೇಕಾದ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ.

ಬರಹ ಒಮ್ಮೆ, ವ್ಯವಹಾರ ನಡೆದ ಸ್ಥಳದಲ್ಲಿ

ಪರಿಹಾರದ ಮೂಲತತ್ವ ಸರಳವಾದುದು. ಬಿಲ್ಲು ಹುಟ್ಟುವ ಕೌಂಟರಿನಲ್ಲಿಯೇ ಅದು ಗಣಕೀಕೃತವಾಗಿ ಹುಟ್ಟಬೇಕು. ಆ ಒಂದೇ ನಮೂದಿನಿಂದ ಕಿರ್ದಿ, ಖತಾವಣಿ, ಸರಕಿನ ದಾಸ್ತಾನು ಹಾಗೂ ರಿಟರ್ನ್ ಹೊರಬರಬೇಕು. ಟ್ಯಾಲಿಯಂತಹ ತಂತ್ರಾಂಶಗಳು ಈ ನಗರದ ಬಹಳಷ್ಟು ಅಂಗಡಿಗಳಲ್ಲಿ ಈಗಾಗಲೇ ಇವೆ. ಆದರೆ ಅವುಗಳಲ್ಲಿ ಅನೇಕವು ತಿಂಗಳಿಗೊಮ್ಮೆ ಬರುವ ಗುಮಾಸ್ತನಿಗಾಗಿ ಮಾತ್ರ ತೆರೆಯಲ್ಪಡುತ್ತವೆ. ತಂತ್ರಾಂಶ ಕೊಂಡಿದ್ದರೂ ಕೈಬಿಲ್ಲಿನ ಪುಸ್ತಕ ಬಿಡದಿದ್ದರೆ ಕೆಲಸ ಕಡಿಮೆಯಾಗದು, ಒಂದು ಬರಹ ಹೆಚ್ಚಾಗುತ್ತದೆ.

ಕಾಯ್ದೆಯೇ ನೀಡಿರುವ ಕೆಲವು ಸೌಲಭ್ಯಗಳನ್ನು ವರ್ತಕರು ಪೂರ್ತಿಯಾಗಿ ಬಳಸುತ್ತಿಲ್ಲ ಎಂಬುದು ಗಮನಾರ್ಹ. ನೋಂದಣಿಯಿಲ್ಲದ ಗಿರಾಕಿಗೆ 200 ರೂ. ಗಿಂತ ಕಡಿಮೆ ಮೊತ್ತದ ಮಾರಾಟವಾಗಿ ಅವನು ಬಿಲ್ಲು ಕೇಳದಿದ್ದರೆ, ಅಂತಹ ಮಾರಾಟಗಳಿಗೆಲ್ಲ ದಿನದ ಕೊನೆಗೆ ಒಂದೇ ಒಟ್ಟು ಬಿಲ್ಲು ಮಾಡಿದರೆ ಸಾಕು. ಅದೇ ರೀತಿ ರಾಜ್ಯದೊಳಗಿನ ನೋಂದಣಿಯಿಲ್ಲದ ಗಿರಾಕಿಗಳ ಮಾರಾಟವನ್ನು ಜಿಎಸ್‌ಟಿಆರ್-1ರಲ್ಲಿ ಬಿಲ್ಲುವಾರು ತೋರಿಸಬೇಕಾಗಿಲ್ಲ. ತೆರಿಗೆ ದರದ ಪ್ರಕಾರ ಒಟ್ಟು ಮೊತ್ತ ಕೊಟ್ಟರಾಯಿತು. ಒಂದಕ್ಕಿಂತ ಹೆಚ್ಚು ಬಿಲ್ಲು ಸರಣಿ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಕೌಂಟರ್ ಮಾರಾಟಕ್ಕೆ ಒಂದು ಸರಣಿ, ನೋಂದಾಯಿತ ವರ್ತಕರಿಗೆ ಇನ್ನೊಂದು ಸರಣಿ ಎಂದು ಏಪ್ರಿಲ್ 1ರಂದೇ ವಿಂಗಡಿಸಿದರೆ ತಿಂಗಳ ಕೊನೆಯ ವಿಂಗಡಣೆಯ ಕೆಲಸವೇ ಇಲ್ಲವಾಗುತ್ತದೆ.

50,000 ರೂ. ಮೀರಿದ ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲಿನ ವಿಷಯದಲ್ಲಿಯೂ ಇದೇ ಮಾತು. ಪದೇ ಪದೇ ಸರಕು ಕೊಳ್ಳುವ ಗಿರಾಕಿಗಳು, ಮಾರುವ ಸರಕುಗಳು ಮತ್ತು ಸಾಗಣೆದಾರರ ವಿವರಗಳನ್ನು ಜಾಲತಾಣದಲ್ಲಿ ಒಮ್ಮೆ ದಾಖಲಿಸಿಟ್ಟರೆ ಪ್ರತಿ ಸಲವೂ ಬರೆಯುವುದು ತಪ್ಪುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅದನ್ನು ಕಿರುಕುಳವೆಂದು ಭಾವಿಸಿದ ಅನೇಕರು, ಆ ಬಿಲ್ಲುಗಳು ತಾವಾಗಿಯೇ ಜಿಎಸ್‌ಟಿಆರ್-1ಕ್ಕೆ ಬಂದು ಕೂಡುವುದನ್ನು ಕಂಡ ಮೇಲೆ ಅಭಿಪ್ರಾಯ ಬದಲಿಸಿಕೊಂಡಿದ್ದಾರೆ. ಒಂದು ವ್ಯವಹಾರಕ್ಕೆ ಒಂದೇ ಬರಹ ಎಂಬ ತತ್ವ ಅಲ್ಲಿ ಕಾಯ್ದೆಯ ರೂಪದಲ್ಲಿಯೇ ಬಂದಿದೆ.

ಖರೀದಿ ಬಿಲ್ಲಿನ ಅಲಕ್ಷ್ಯ

ಮಾರಾಟದ ಬಿಲ್ಲಿಗೆ ಕೊಡುವ ಲಕ್ಷ್ಯವನ್ನು ಖರೀದಿ ಬಿಲ್ಲಿಗೆ ಕೊಡದಿರುವುದು ಸಾರ್ವತ್ರಿಕ ದೋಷ. ಸರಕಿನೊಂದಿಗೆ ಬಂದ ಬಿಲ್ಲು ಹಮಾಲರ ಕೈಯಿಂದ ಗೋದಾಮಿನ ಗೂಟಕ್ಕೆ, ಅಲ್ಲಿಂದ ಗಲ್ಲಾದ ಕೆಳಗೆ, ಅಲ್ಲಿಂದ ಎಲ್ಲಿಗೋ ಹೋಗುತ್ತದೆ. 2022ರ ಜನವರಿ 1ರಿಂದ ಮಾರಾಟಗಾರನು ತನ್ನ ವಿವರದಲ್ಲಿ ತೋರಿಸಿ, ಅದು ಕೊಳ್ಳುವವನ ಜಿಎಸ್‌ಟಿಆರ್-2ಬಿಯಲ್ಲಿ ಬಂದರೆ ಮಾತ್ರ ಇನ್‌ಪುಟ್ ತೆರಿಗೆಯ ಜಮೆ ದೊರೆಯುತ್ತದೆ. ಈ 2ಬಿ ತಿಂಗಳ 14ರಂದು ಸಿದ್ಧವಾಗುತ್ತದೆ. 3ಬಿಯ ಗಡುವು 20. ನಡುವಿನ ಐದಾರು ದಿನಗಳಲ್ಲಿ ಬಿಲ್ಲು ಹುಡುಕಿ, ತಾಳೆ ನೋಡಿ, ಬಾರದ ಬಿಲ್ಲಿನ ವರ್ತಕನಿಗೆ ಫೋನು ಮಾಡುವುದೆಂದರೆ ಗಡಿಬಿಡಿ ನಿಶ್ಚಿತ.

ಸರಕು ಇಳಿದ ದಿನವೇ ಖರೀದಿ ಬಿಲ್ಲು ನಮೂದಾಗಿದ್ದರೆ 14ರಂದು ತಾಳೆ ನೋಡುವ ಕೆಲಸ ಒಂದು ಗಂಟೆಯದು. ಬಾರದ ಬಿಲ್ಲುಗಳ ಪಟ್ಟಿಯೊಂದೇ ಉಳಿಯುತ್ತದೆ. ಸಾಗಣೆ, ಪೆಟ್ರೋಲು ಮುಂತಾದವುಗಳ ತೆಳು ಕಾಗದದ ಚೀಟಿಗಳ ಅಕ್ಷರಗಳು ಕೆಲವೇ ತಿಂಗಳುಗಳಲ್ಲಿ ಮಾಸಿಹೋಗುತ್ತವೆ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು. ಆದುದರಿಂದ ಬಂದ ದಿನವೇ ಮೊಬೈಲಿನಲ್ಲಿ ಚಿತ್ರ ತೆಗೆದು ತಿಂಗಳವಾರು ಸಂಗ್ರಹಿಸುವುದು ಶ್ರೇಯಸ್ಕರ. ವಿದ್ಯುನ್ಮಾನ ರೂಪದಲ್ಲಿ ದಾಖಲೆ ಇಡಲು ನಿಯಮದ ಸಮ್ಮತಿಯಿದೆ, ಆದರೆ ಇನ್ನೊಂದು ಪ್ರತಿ ಬೇರೆಡೆ ಇರಬೇಕು.

ಯೋಜನೆಯ ಆಯ್ಕೆ: ವರ್ಷಕ್ಕೊಮ್ಮೆ ಯೋಚಿಸಬೇಕಾದ ವಿಷಯ

ನೋಂದಣಿಯ ಸಮಯದಲ್ಲಿ ಯಾರೋ ಆರಿಸಿಕೊಟ್ಟ ಪದ್ಧತಿಯಲ್ಲಿಯೇ ಅನೇಕ ವರ್ತಕರು ಮುಂದುವರಿದಿದ್ದಾರೆ. ಮಾಸಿಕ ಪದ್ಧತಿಯಲ್ಲಿ ವರ್ಷಕ್ಕೆ 12 ಜಿಎಸ್‌ಟಿಆರ್-1 ಮತ್ತು 12 ಜಿಎಸ್‌ಟಿಆರ್-3ಬಿ, ಒಟ್ಟು 24 ರಿಟರ್ನುಗಳು. ಹಿಂದಿನ ವರ್ಷದ ವಹಿವಾಟು 5 ಕೋಟಿ ರೂ. ವರೆಗೆ ಇರುವವರಿಗೆ 2021ರ ಜನವರಿ 1ರಿಂದ ಲಭ್ಯವಿರುವ ಕ್ಯೂಆರ್‌ಎಂಪಿ ಎಂಬ ತ್ರೈಮಾಸಿಕ ಪದ್ಧತಿಯಲ್ಲಿ ಇವು ಎಂಟಕ್ಕೆ ಇಳಿಯುತ್ತವೆ. ತ್ರೈಮಾಸಿಕದ ಮೊದಲ ಎರಡು ತಿಂಗಳು ಮರುತಿಂಗಳ 25ರೊಳಗೆ ಚಲನ್ ಮೂಲಕ ತೆರಿಗೆ ತುಂಬಬೇಕು. ತ್ರೈಮಾಸಿಕ ರಿಟರ್ನ್ ಸಲ್ಲಿಸುವವರು ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ ತೆರಿಗೆಯ ಶೇ. 35ರಷ್ಟನ್ನು ಸಿದ್ಧ ಚಲನ್ ಮೂಲಕ ಕಟ್ಟಿದರೂ ನಡೆಯುತ್ತದೆ. ಏಪ್ರಿಲ್-ಜೂನ್ ತ್ರೈಮಾಸಿಕಕ್ಕೆ ಈ ಪದ್ಧತಿ ಬೇಕೆನ್ನುವವರು ಫೆಬ್ರುವರಿ 1ರಿಂದ ಏಪ್ರಿಲ್ 30ರೊಳಗೆ ಆಯ್ಕೆ ಮಾಡಬೇಕು.

ವಹಿವಾಟು 1.5 ಕೋಟಿ ರೂ. ವರೆಗಿನ ಸರಕು ವ್ಯಾಪಾರಿ ಮತ್ತು ತಯಾರಕರಿಗೆ ಕಾಂಪೊಸಿಷನ್ ಪದ್ಧತಿಯಿದೆ. ಶೇ. 1ರ ದರ, ತ್ರೈಮಾಸಿಕಕ್ಕೊಂದು ಸಿಎಂಪಿ-08, ವರ್ಷಕ್ಕೊಂದು ಜಿಎಸ್‌ಟಿಆರ್-4, ಒಟ್ಟು ಐದು ವಿವರಗಳು. ಕಾಲದ ದೃಷ್ಟಿಯಿಂದ ಇದಕ್ಕಿಂತ ಹಗುರವಾದದ್ದು ಇಲ್ಲ.

ಆದರೆ ಇಲ್ಲಿ ಎಚ್ಚರಿಕೆ ಅಗತ್ಯ. ಕಾಂಪೊಸಿಷನ್ ವ್ಯಾಪಾರಿ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ತನ್ನ ಖರೀದಿಯ ತೆರಿಗೆಯನ್ನು ಜಮೆ ಪಡೆಯುವಂತಿಲ್ಲ, ಹೊರ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಗೋವಾ ಮತ್ತು ಮಹಾರಾಷ್ಟ್ರಗಳೊಂದಿಗೆ ನಿತ್ಯ ವ್ಯವಹಾರವಿರುವ ಹುಬ್ಬಳ್ಳಿಯ ಸಗಟು ವರ್ತಕನಿಗೆ ಇದು ಒಗ್ಗದು. ಬೇಲೂರು ಅಥವಾ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರಖಾನೆಗೆ ಬಿಡಿಭಾಗ ಪೂರೈಸುವವನಿಗೂ ಒಗ್ಗದು, ಏಕೆಂದರೆ ಅವನ ಬಿಲ್ಲಿನ ಮೇಲೆ ಗಿರಾಕಿಗೆ ತೆರಿಗೆ ಜಮೆ ದೊರೆಯುವುದಿಲ್ಲ. ಅಂತಹ ಪೂರೈಕೆದಾರನು ತ್ರೈಮಾಸಿಕ ಪದ್ಧತಿಯಲ್ಲಿದ್ದರೆ ಮೊದಲೆರಡು ತಿಂಗಳ ಬಿಲ್ಲುಗಳನ್ನು ಮರುತಿಂಗಳ 13ರೊಳಗೆ ಐಎಫ್‌ಎಫ್ ಸೌಲಭ್ಯದಲ್ಲಿ ತೋರಿಸುವುದು ಲೇಸು. ಇಲ್ಲದಿದ್ದರೆ ಗಿರಾಕಿ ಮೂರು ತಿಂಗಳು ಕಾಯಬೇಕಾಗುತ್ತದೆ. ಬಿಲ್ಲುಗಳ ಸಂಖ್ಯೆ ಕಡಿಮೆಯಿರುವ ಪೂರೈಕೆದಾರನಿಗೆ ಇದು ಕಾಲು ಗಂಟೆಯ ಕೆಲಸ. ಇದಕ್ಕೆ ವ್ಯತಿರಿಕ್ತವಾಗಿ, ಊರಿನೊಳಗಿನ ಗಿರಾಕಿಗೆ ಮಾತ್ರ ಮಾರುವ ಚಿಲ್ಲರೆ ಅಂಗಡಿಕಾರನು ಮಾಸಿಕ ಪದ್ಧತಿಯಲ್ಲಿ ಉಳಿದು ವರ್ಷಕ್ಕೆ 24 ರಿಟರ್ನ್ ಸಲ್ಲಿಸುವುದಕ್ಕೆ ಅಭ್ಯಾಸಬಲದ ಹೊರತು ಬೇರೆ ಕಾರಣ ಕಾಣದು. ಕಾಲದ ಉಳಿತಾಯ ಮತ್ತು ಗಿರಾಕಿಯ ಅವಶ್ಯಕತೆ ಇವೆರಡನ್ನೂ ತೂಗಿ ಪ್ರತಿ ವರ್ಷ ಫೆಬ್ರುವರಿಯಲ್ಲಿ ಒಮ್ಮೆ ಈ ನಿರ್ಣಯವನ್ನು ಪುನರ್ವಿಮರ್ಶೆ ಮಾಡಬೇಕು.

ಹಣಕ್ಕೆ ಒಂದೇ ದಾರಿ

2025ರ ಜುಲೈ ತಿಂಗಳಿನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದದ್ದು ಎಲ್ಲರಿಗೂ ತಿಳಿದ ಸಂಗತಿ. ತರಕಾರಿಯಂತಹ ತೆರಿಗೆ ವಿನಾಯಿತಿಯ ಸರಕನ್ನು ಮಾರುವವರಿಗೂ ಅವು ತಲುಪಿದವು. ಪ್ರತಿಭಟನೆಯ ನಂತರ ಸರಕಾರ ಸ್ಪಷ್ಟೀಕರಣಗಳನ್ನು ನೀಡಿತು. ಅಂಗಡಿಗಳಲ್ಲಿ ಕೆಲವರು ಕ್ಯೂಆರ್ ಫಲಕವನ್ನೇ ತೆಗೆದು ನಗದು ಮಾತ್ರ ಎಂದು ಬರೆದು ಹಾಕಿದರು. ಇದು ಸಮಸ್ಯೆಗೆ ಪರಿಹಾರವಾಗಿರಲಿಲ್ಲ. ನೋಟಿಸಿನ ಸರಿತಪ್ಪು ಏನೇ ಇರಲಿ, ಅನೇಕ ವ್ಯಾಪಾರಿಗಳಿಗೆ ಉತ್ತರ ಕೊಡುವುದು ಕಠಿಣವಾದದ್ದಕ್ಕೆ ಕಾರಣ ಬೇರೆಯೇ ಇತ್ತು. ಒಂದೇ ಖಾತೆಯಲ್ಲಿ ಅಂಗಡಿಯ ಮಾರಾಟ, ಕುಟುಂಬದ ಹಣ, ಕೈಗಡದ ಮರುಪಾವತಿ, ವಿನಾಯಿತಿ ಸರಕು, ತೆರಿಗೆಯ ಸರಕು ಎಲ್ಲವೂ ಬೆರೆತುಹೋಗಿದ್ದವು. ನಾಲ್ಕು ವರ್ಷಗಳ ಹಿಂದಿನ ಜಮೆ ಯಾವುದರದೆಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಆದುದರಿಂದ ಅಂಗಡಿಗೆ ಒಂದು ಚಾಲ್ತಿ ಖಾತೆ, ಅದಕ್ಕೆ ಮಾತ್ರ ಜೋಡಿಸಿದ ಒಂದು ಕ್ಯೂಆರ್ ಫಲಕ ಇರಬೇಕು. ಮನೆಯ ವ್ಯವಹಾರಕ್ಕೆ ಬೇರೆ ಖಾತೆ. ಮಾಲೀಕನು ಮನೆಖರ್ಚಿಗೆ ತಿಂಗಳಿಗೊಮ್ಮೆ ನಿಶ್ಚಿತ ಮೊತ್ತವನ್ನು ವರ್ಗಾಯಿಸಿಕೊಳ್ಳಬೇಕು. ಬ್ಯಾಂಕಿನ ತಃಖ್ತೆಯನ್ನು ತಂತ್ರಾಂಶಕ್ಕೆ ನೇರವಾಗಿ ಇಳಿಸಿಕೊಳ್ಳುವ ಅನುಕೂಲ ಇಂದು ಇರುವುದರಿಂದ, ಶುದ್ಧವಾದ ಖಾತೆಯೊಂದಿದ್ದರೆ ಅರ್ಧದಷ್ಟು ಕಿರ್ದಿಯನ್ನು ಬ್ಯಾಂಕೇ ಬರೆದುಕೊಟ್ಟಂತೆ.

ಪಾವತಿಯ ವಿಷಯದಲ್ಲಿಯೂ ಶಿಸ್ತು ಕಾಲವನ್ನು ಉಳಿಸುತ್ತದೆ. ಕೇಳಿದಾಗಲೆಲ್ಲ ಹಣ ಕೊಡುವ ಬದಲು ತಿಂಗಳ 10 ಮತ್ತು 25 ಎಂಬಂತೆ ಎರಡು ಪಾವತಿ ದಿನಗಳನ್ನು ಗೊತ್ತುಪಡಿಸಿ ಪೂರೈಕೆದಾರರಿಗೆ ತಿಳಿಸಿದರೆ ದಿನನಿತ್ಯದ ಫೋನುಗಳು ಕಡಿಮೆಯಾಗುತ್ತವೆ. ಚಹಾ, ಹಮಾಲಿ, ರಿಕ್ಷಾ ಮುಂತಾದ ಚಿಲ್ಲರೆ ಖರ್ಚಿಗೆ ವಾರಕ್ಕೆ ಒಂದು ನಿಶ್ಚಿತ ಮೊತ್ತವನ್ನು ಗುಮಾಸ್ತನ ಕೈಗೆ ಕೊಟ್ಟು, ಚೀಟಿಗಳನ್ನು ಪಡೆದು ಮತ್ತೆ ತುಂಬಿಕೊಡುವ ಪದ್ಧತಿ ಹಳೆಯದಾದರೂ ಇಂದಿಗೂ ಉತ್ತಮ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ಖರ್ಚು ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಅಮಾನ್ಯವಾಗುತ್ತದೆ. ರೈತರಿಗೆ ಅವರ ಕೃಷಿ ಉತ್ಪನ್ನದ ಬೆಲೆ ಕೊಡುವಂತಹ ವಿನಾಯಿತಿಗಳು ಇವೆಯಾದರೂ, ಅಮರಗೋಳದ ಎಪಿಎಂಸಿ ವರ್ತಕರು ಅಂತಹ ಪಾವತಿಗೂ ಅಂದೇ ಪಟ್ಟಿ ಮಾಡಿ ಇಟ್ಟುಕೊಳ್ಳುವುದು ಹಿತಕರ.

ಪರರಿಗೆ ಒಪ್ಪಿಸಬಾರದ ಕೆಲಸ

ಕಾಲ ಉಳಿಸುವ ಹೆಸರಿನಲ್ಲಿ ನಡೆಯುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಅನೇಕ ನೋಂದಣಿಗಳಲ್ಲಿ ಮಾಲೀಕನ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಇರಬೇಕಾದಲ್ಲಿ ಸಲಹೆಗಾರನ ಅಥವಾ ಅವನ ಕಚೇರಿಯ ಹುಡುಗನ ಸಂಖ್ಯೆಯಿದೆ. ಪಾಸ್‌ವರ್ಡು ಮಾಲೀಕನಿಗೆ ಗೊತ್ತೇ ಇಲ್ಲ. ಜಾಲತಾಣದಲ್ಲಿ ಹಾಕಿದ ನೋಟಿಸು ಕಾನೂನಿನ ದೃಷ್ಟಿಯಲ್ಲಿ ತಲುಪಿದಂತೆಯೇ. ಉತ್ತರ ಬಾರದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ. ಮೊದಲ ಮೇಲ್ಮನವಿಗೆ ಮೂರು ತಿಂಗಳು, ಸಕಾರಣವಿದ್ದರೆ ಇನ್ನೊಂದು ತಿಂಗಳು ಅವಕಾಶ. ಬ್ಯಾಂಕಿನ ಖಾತೆ ಜಪ್ತಿಯಾದಾಗಲೇ ಆದೇಶದ ವಿಷಯ ತಿಳಿಯುವ ಸ್ಥಿತಿ ಬಂದರೆ ಉಳಿಸಿದ ಕಾಲದ ನೂರು ಪಟ್ಟು ಕಳೆದುಹೋಗುತ್ತದೆ.

ರಿಟರ್ನ್ ಸಿದ್ಧಪಡಿಸುವುದನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ನೋಟಿಸು ಬಂದಿದೆಯೇ ಎಂದು ನೋಡುವುದನ್ನು ಒಪ್ಪಿಸಬಾರದು. ವಾರಕ್ಕೊಮ್ಮೆ ಐದು ನಿಮಿಷ ಮಾಲೀಕನೇ ಜಾಲತಾಣ ತೆರೆದು ನೋಡಿದರೆ ಸಾಕು. ಈ ವಿಷಯದಲ್ಲಿ ಲೆಕ್ಕಪರಿಶೋಧಕರೂ ತೆರಿಗೆ ಸಲಹೆಗಾರರೂ ಹೊಣೆಯಿಂದ ಮುಕ್ತರಲ್ಲ. ತಿಂಗಳ ಕೊನೆಗೆ ಬಿಲ್ಲಿನ ಗಂಟು ತಂದುಕೊಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂಬ ಅಭಯವು ಕಕ್ಷಿದಾರನಿಗೆ ಹಿತವೆನಿಸಿದರೂ ಅವನನ್ನು ತನ್ನ ವ್ಯಾಪಾರದ ಅಂಕಿಗಳಿಂದಲೇ ದೂರವಿಡುತ್ತದೆ. ಗಂಟು ಬಿಚ್ಚಿ ನಮೂದಿಸುವುದರಲ್ಲಿ ವೃತ್ತಿಪರರ ಕಚೇರಿಯ ಕಾಲವೂ ವ್ಯರ್ಥವಾಗುತ್ತದೆ, ಸಲಹೆ ಕೊಡುವುದಕ್ಕೆ ಸಮಯ ಉಳಿಯುವುದಿಲ್ಲ.

ಕೊನೆಯ ದಿನದ ಅಭ್ಯಾಸವನ್ನೂ ಬಿಡಬೇಕು. 2025ರ ಜನವರಿಯಲ್ಲಿ ಜಿಎಸ್‌ಟಿ ಜಾಲತಾಣವೇ ಗಡುವಿನ ಮುನ್ನಾದಿನಗಳಲ್ಲಿ ಸ್ಥಗಿತಗೊಂಡು, ಸರಕಾರ ಗಡುವನ್ನು ಎರಡು ದಿನ ವಿಸ್ತರಿಸಬೇಕಾಯಿತು. ಪ್ರತಿ ಸಲವೂ ವಿಸ್ತರಣೆ ದೊರೆಯುವುದೆಂಬ ಭರವಸೆಯಿಲ್ಲ. ತಡವಾದ 3ಬಿಗೆ ದಿನಕ್ಕೆ 50 ರೂ. ವಿಳಂಬ ಶುಲ್ಕ, ತೆರಿಗೆ ಬಾಕಿಯಿದ್ದರೆ ಶೇ. 18ರ ಬಡ್ಡಿ. ವ್ಯವಹಾರವೇ ಇಲ್ಲದ ತಿಂಗಳಿನ ಶೂನ್ಯ ರಿಟರ್ನನ್ನಾದರೂ ತಡ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದನ್ನು 2020ರಿಂದ ಮೊಬೈಲಿನ ಒಂದು ಸಂದೇಶದ ಮೂಲಕವೂ ಸಲ್ಲಿಸಬಹುದಾಗಿದೆ.

ಉಳಿದ ಕಾಲ ಎಲ್ಲಿಗೆ ಹೋಗಬೇಕು?

ಕಾಲ ಉಳಿಸಿ ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ಉದ್ರಿ ವಸೂಲಿ. ಈ ಭಾಗದ ವ್ಯಾಪಾರ ನಡೆಯುವುದೇ ಉದ್ರಿಯ ಮೇಲೆ. ಕಾಗದದ ಕೆಲಸದಲ್ಲಿ ಮುಳುಗಿದ ಮಾಲೀಕನು ಮೊದಲು ಮರೆಯುವುದು ಬಾಕಿದಾರನಿಗೆ ಮಾಡಬೇಕಾದ ಫೋನನ್ನು. ಕಿರ್ದಿ ಅಂದಂದೇ ಬರೆದಿದ್ದರೆ ಯಾರ ಬಾಕಿ ಎಷ್ಟು ದಿನದ್ದೆಂಬ ಪಟ್ಟಿ ಪ್ರತಿ ಸೋಮವಾರ ಮುಂಜಾನೆ ಕೈಯಲ್ಲಿರುತ್ತದೆ.

ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಇಲ್ಲಿ ಕಾನೂನಿನ ಬಲವೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರ ಹಣಕಾಸು ವರ್ಷದಿಂದ, ಆ ಅವಧಿಯೊಳಗೆ ಕೊಡದ ಮೊತ್ತ ಕೊಳ್ಳುವವನ ಆದಾಯ ತೆರಿಗೆಯಲ್ಲಿ ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ಮಾನ್ಯವಾಗುತ್ತದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮತ್ತು ಪಾವತಿಯ ಕೊನೆಯ ದಿನಾಂಕ ಮುದ್ರಿಸಿದರೆ ಇವೆಲ್ಲ ತಾವಾಗಿಯೇ ನೆನಪಾಗುತ್ತವೆ. ಆದರೆ ಕೇವಲ ವ್ಯಾಪಾರ ಮಾಡುವವರಿಗೆ ಉದ್ಯಮ್ ನೋಂದಣಿ ಇದ್ದರೂ ಅದು ಆದ್ಯತಾ ವಲಯದ ಸಾಲಕ್ಕಷ್ಟೇ ಉಪಯೋಗ. ವಿಳಂಬ ಪಾವತಿಯ ರಕ್ಷಣೆ ಅವರಿಗಿಲ್ಲ ಎಂಬುದನ್ನು ಮರೆಯಬಾರದು.

ಸಂಸ್ಥೆ ಮತ್ತು ಸರಕಾರದ ಪಾಲು

ಎಲ್ಲ ಭಾರವನ್ನೂ ವರ್ತಕನ ಮೇಲೆ ಹೊರಿಸುವುದು ನ್ಯಾಯವಲ್ಲ. ಭವಿಷ್ಯ ನಿಧಿ ಮತ್ತು ಇಎಸ್‌ಐಗೆ 15, ಟಿಡಿಎಸ್‌ಗೆ 7, ವೃತ್ತಿ ತೆರಿಗೆಗೆ 20, ಜಿಎಸ್‌ಟಿಗೆ 11 ಮತ್ತು 20: ಹತ್ತು ಜನರ ಕಾರಖಾನೆಗೂ ಸಾವಿರ ಜನರ ಕಾರಖಾನೆಗೂ ತಿಂಗಳ ಗಡುವುಗಳು ಹೆಚ್ಚುಕಡಿಮೆ ಒಂದೇ. ಅದೇ ವೇತನದ ವಿವರವನ್ನು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ನಮೂನೆಯಲ್ಲಿ ಕೇಳುತ್ತವೆ. ಒಂದು ವ್ಯವಹಾರಕ್ಕೆ ಒಂದೇ ಬರಹ ಎಂಬ ಸೂತ್ರವನ್ನು ಸರಕಾರವೂ ತನಗೆ ಅನ್ವಯಿಸಿಕೊಳ್ಳಬೇಕು. ಸಣ್ಣ ವರ್ತಕರಿಗೆ ಕಳುಹಿಸುವ ನೋಟಿಸುಗಳು ಕನ್ನಡದಲ್ಲಿರಬೇಕೆಂಬ ಬೇಡಿಕೆಯೂ ನ್ಯಾಯಯುತವಾದುದು. ತಿಳಿಯದ ಭಾಷೆಯ ನೋಟಿಸು ಓದಿಸುವುದಕ್ಕೇ ಅರ್ಧ ದಿನ ಹೋಗುತ್ತದೆ.

1928ರಲ್ಲಿ ಸ್ಥಾಪನೆಗೊಂಡ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಂತಹ ಸಂಘಟನೆಗಳು ಮನವಿಪತ್ರ ಸಲ್ಲಿಸುವುದರ ಜೊತೆಗೆ ಇನ್ನೊಂದು ಕೆಲಸ ಮಾಡಬಹುದು. ಪೂರ್ಣಕಾಲಿಕ ಗುಮಾಸ್ತನನ್ನು ಇಟ್ಟುಕೊಳ್ಳಲಾಗದ ಹತ್ತು ಹನ್ನೆರಡು ಸಣ್ಣ ಘಟಕಗಳು ಸೇರಿ ಒಬ್ಬ ತರಬೇತಿ ಪಡೆದ ಲೆಕ್ಕಿಗನನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ಕೈಗಾರಿಕಾ ಪ್ರದೇಶಗಳಲ್ಲಿ ಆರಂಭಿಸಬಹುದು. ವಾರಕ್ಕೆ ಅರ್ಧ ದಿನ ಪ್ರತಿ ಘಟಕಕ್ಕೆ ಬಂದು ಹೋಗುವ ಅವನು ಗಂಟು ಹೊತ್ತುಕೊಂಡು ಹೋಗಬಾರದು, ಘಟಕದ ಕಂಪ್ಯೂಟರಿನಲ್ಲಿಯೇ ಕೆಲಸ ಮುಗಿಸಬೇಕು. ಅವಳಿ ನಗರದ ವಾಣಿಜ್ಯ ಕಾಲೇಜುಗಳಿಂದ ಹೊರಬರುವ ಪದವೀಧರರಿಗೆ ಇದು ಉದ್ಯೋಗವೂ ಹೌದು, ತರಬೇತಿಯೂ ಹೌದು.

ಈ ಭಾಗದ ಅಂಗಡಿಗಳಲ್ಲಿ ಇಂದಿಗೂ ದೀಪಾವಳಿಯಲ್ಲಿ ಹೊಸ ಕಿರ್ದಿ ಖಾತೆ ಪುಸ್ತಕಗಳಿಗೆ ಅರಿಸಿನ ಕುಂಕುಮವಿಟ್ಟು ಪೂಜೆ ಮಾಡುತ್ತಾರೆ. 1989-90ರ ಕರನಿರ್ಧಾರಣ ವರ್ಷದಿಂದ ಆದಾಯ ತೆರಿಗೆಗೆ ಎಲ್ಲರ ಲೆಕ್ಕದ ವರ್ಷವೂ ಮಾರ್ಚ್ 31ಕ್ಕೆ ಮುಗಿಯಬೇಕಾಯಿತಾದರೂ ಪೂಜೆ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹಿಂದಿನ ತಲೆಮಾರಿನ ವರ್ತಕರು ಆ ಪುಸ್ತಕವನ್ನು ಪ್ರತಿದಿನ ಅಂಗಡಿ ಮುಚ್ಚುವ ಮೊದಲು ಬರೆಯುತ್ತಿದ್ದರು. ಗಲ್ಲಾದ ಹಣ ಕಿರ್ದಿಯ ಶಿಲ್ಕಿಗೆ ಹೊಂದಿಕೆಯಾಗದೆ ಮನೆಗೆ ಹೋಗುತ್ತಿರಲಿಲ್ಲ. ಆ ಪದ್ಧತಿಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಹೋಗುತ್ತಿತ್ತು, ತಿಂಗಳ ಕೊನೆಯ ರಾತ್ರಿಗಳು ಉಳಿಯುತ್ತಿದ್ದವು. ಕಂಪ್ಯೂಟರು ಬಂದ ಮೇಲೆ ಆ ಇಪ್ಪತ್ತು ನಿಮಿಷ ಹತ್ತಕ್ಕೆ ಇಳಿಯಬೇಕಾಗಿತ್ತು. ಅನೇಕ ಅಂಗಡಿಗಳಲ್ಲಿ ಅದು ಸೊನ್ನೆಗೆ ಇಳಿದು, ರಾತ್ರಿಗಳು ಹೆಚ್ಚಾಗಿವೆ. ಇಂದಿನ ಸಂಜೆ ಶಟರು ಇಳಿಸುವ ಮೊದಲು ಇಂದಿನ ಬಿಲ್ಲುಗಳನ್ನು ಇಂದೇ ಮುಗಿಸುವುದರಿಂದ ಇದನ್ನು ಸರಿಪಡಿಸಲು ಆರಂಭಿಸಬಹುದು. ಅದಕ್ಕೆ ಯಾವ ಸರಕಾರಿ ಆದೇಶವೂ ಬೇಕಾಗಿಲ್ಲ.